ನಲ್ಲಿಯ ಸದ್ದು

ಅಪ್ಪಾ,

ಇವತ್ತು ಮೆಲ್ಬರ್ನ್‌ನ ವೈದ್ಯಕೀಯ ಸೆಮಿನಾರಿನಲ್ಲಿ ಮಾತಾಡಿದೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟುವ ಕಾಯಿಲೆಯಿಂದ ಮುಂದುವರಿದ ದೇಶಗಳಲ್ಲಿ ಸಾಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿದ್ದಾರೆ ಎಂದು, ಅಷ್ಟು ಗಂಡಸರ ಮುಂದೆ, ಇಂಗ್ಲಿಷಿನಲ್ಲಿ ಸಲೀಸಾಗಿ ವಿವರಿಸಿದೆ.

"ಹಾಗಾದರೆ ಈಗಲೂ ಸಾಯುವವರು ಯಾರು?" ಎಂದು ಒಬ್ಬರು ಕೇಳಿದರು.

"ತಡವಾಗಿ ಆಸ್ಪತ್ರೆಗೆ ಬಂದವರು," ಎಂದೆ. ನಿಮ್ಮ ಸುದ್ದಿ ಎತ್ತಲಿಲ್ಲ.

ಸಿಡ್ನಿಯ ನನ್ನ ಮನೆಗೆ ಬಂದಿದ್ದಾಗ ನೀವು ನಲ್ಲಿ ಬಿಟ್ಟುಕೊಂಡು ಬಾತ್‌ರೂಮಿನಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದಿರಿ. ಬರಗಾಲದ ವರ್ಷ. ನಾನು ಬಾಗಿಲು ಬಡಿದು, "ಅಪ್ಪಾ, ಇಲ್ಲಿ ನೀರಿಗೆ ರೆಸ್ಟ್ರಿಕ್ಷನ್ ಇದೆ, ಎಷ್ಟೊತ್ತು ಬಿಟ್ಕೊಂಡಿರ್ತೀರಾ!" ಎಂದು ರೇಗಿದೆ. "ಆಯ್ತಮ್ಮ," ಎಂದು ನಿಲ್ಲಿಸಿದಿರಿ. ಆಮೇಲೆ ಆ ಸದ್ದೇ ಕೇಳಲಿಲ್ಲ. ನೀರಿನ ಸದ್ದು ಕೇಳಿದರಾದರೂ ಕಟ್ಟಿದ ಮೂತ್ರ ಇಳಿಯಲಿ ಎಂದು ನಲ್ಲಿ ಬಿಡುತ್ತಿದ್ದಿರೆಂದು ನನಗೆ ಆಗ ಹೊಳೆಯಲಿಲ್ಲ.

ಸಂಜೆ ತಮ್ಮ ಫೋನ್ ಮಾಡಿ, "ಯಾವ ಕಾಯಿಲೆ ಬಗ್ಗೆ ಮಾತಾಡ್ದೆ ಅಕ್ಕಾ?" ಅಂದ.

ನೀವು ತೀರಿಕೊಂಡಾಗ ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ: "ಕಿಡ್ನಿದು ಕಣೋ."