ಅಂಚಿನಾಚೆಯ ಕೆಂಪು ಚುಕ್ಕಿ

ಸದರ್ಲೆಂಡ್,
ಜುಲೈ 17, ಬೆಳಿಗ್ಗೆ

ಪ್ರೀತಿಯ ದಿಯೋನ್,

ಕೆಮ್ಮು ಹೇಗಿದೆ? ಕೇಪ್‌ಟೌನಿನ ಮಳೆಯಲ್ಲಿ ಟೋಪಿಯಿಲ್ಲದೆ ತಿರುಗಬೇಡ. ಇಲ್ಲಿ ಈ ಚಳಿಗಾಲಕ್ಕೆ ನಲ್ಲಿಯ ನೀರು ಮತ್ತೆ ಹೆಪ್ಪುಗಟ್ಟಿದೆ. ನಮ್ಮ ಪುಟ್ಟ ಲೀಜಲ್‌ಗೆ ಹೊಟ್ಟೆಯುಬ್ಬರ. ನನ್ನ ಭುಜದ ಮೇಲಿದ್ದರಷ್ಟೇ ಅವಳಿಗೆ ನಿದ್ದೆ, ಹಾಗಾಗಿ ನನಗಿಲ್ಲ. ಅತ್ತೆ ಕೆಂಡದ ಮೇಲೆ ಸುಟ್ಟ ಬ್ರೆಡ್ಡಿಗೆ ಕುರಿಕೊಬ್ಬು ಸವರಿ ಮುಂದಿಟ್ಟು, "ಆಕಾಶದಲ್ಲಿ ಏನಾದ್ರೂ ಸಿಡೀಲಿ ಬಿಡೇ, ನೀನು ಮೊದ್ಲು ತಿನ್ನು. ಹಾಲೇನು ನಕ್ಷತ್ರದಿಂದ ಇಳಿಯುತ್ತಾ?" ಎನ್ನುತ್ತಾರೆ.

ಹೆರಿಗೆ ರಜೆಯಲ್ಲಿರುವವಳು ಬೆಟ್ಟದ ಮೇಲಿನ ವೀಕ್ಷಣಾಲಯದ ಕೆಲಸಕ್ಕೇಕೆ ಕೈ ಹಾಕಿದೆ ಎಂದು ನೀನು ಕೇಳಬಹುದು. "ನೋಡು, ನನ್ನ ಸ್ಫೋಟ" ಎಂದು ಚಿತ್ರ ಕಳುಹಿಸಿದವನು ನೀನೇ. ಖಾಲಿ ಆಕಾಶದಲ್ಲಿ ಥಟ್ಟನೆ ಮೂಡಿ, ಒಂದು ಊಟ ಮುಗಿಯುವಷ್ಟರಲ್ಲಿ ಆರಿಹೋದ ನೀಲಿ ಬೆಳಕು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಸ್ಫೋಟವೆಂದು ನಾಳೆ ಸಭೆಯಲ್ಲಿ ಹೇಳುತ್ತೀ, ನಿನ್ನ ಕೆಲಸ ಕಾಯಂ ಆಗುತ್ತದೆ, ನಾವೆಲ್ಲ ಅಲ್ಲಿಗೇ ಬರುತ್ತೇವೆ. ಅತ್ತೆ ಆಗಲೇ ಹೊಸ ಮನೆಯ ಕಿಟಕಿಗೆ ಪರದೆ ಬಟ್ಟೆ ಆರಿಸಿಟ್ಟಿದ್ದಾರೆ. ನನಗೂ ಆಸೆಯಿಲ್ಲವೆಂದಲ್ಲ. ಆದರೆ ಇಷ್ಟು ಬೇಗ ಆರುವ ಬೆಳಕನ್ನು ಕಂಡರೆ ನಮ್ಮ ಕಸುಬಿನವರಿಗೆಲ್ಲ ಮೊದಲು ಬರುವ ಅನುಮಾನ ಒಂದೇ ಅಲ್ಲವೇ: ನೆರೆಮನೆಯಷ್ಟು ಹತ್ತಿರದ ಯಾವುದೋ ಮಂಕು ಕೆಂಪು ತಾರೆ ಕ್ಷಣಕಾಲ ನೀಲಿಯಾಗಿ ಭುಗಿಲೆದ್ದು ಸುಮ್ಮನಾಗಿರಬಹುದು. ನಮ್ಮ ದೂರದರ್ಶಕಕ್ಕೆ ಕಾಣದಷ್ಟು ಮಂಕಾದ ಅಂಥವನ್ನು ಹಿಡಿಯಲೆಂದೇ ದೊಡ್ಡ ದೂರದರ್ಶಕಗಳು ತೆಗೆದ ಹಳೆಯ ಚಿತ್ರಗಳನ್ನು ಹುಡುಕುತ್ತೇವೆ. ನೀನು ಜೊತೆಗಿಟ್ಟದ್ದು ನಾವು ಹುಟ್ಟುವುದಕ್ಕೂ ಮೊದಲಿನ ಚಿತ್ರ. ಅದರಲ್ಲಿ ಆ ಜಾಗ ಖಾಲಿ, ನಿಜ.

ಆದರೆ ಹತ್ತಿರದ ತಾರೆಗಳು ನಿಂತಲ್ಲೇ ನಿಲ್ಲುವುದಿಲ್ಲ, ವರ್ಷಗಳು ಕಳೆದಂತೆ ಸರಿಯುತ್ತವೆ. ನಾನು ಕೆಲಸಕ್ಕೆ ಸೇರಿದಾಗ ನೀನೇ ಕಲಿಸಿದ್ದೆ: "ಚಿತ್ರಾನ ಸುತ್ತ ಜಾಗ ಬಿಟ್ಟು ಕತ್ತರಿಸೇ, ಕಳ್ಳ ಪಕ್ಕದಲ್ಲೇ ನಿಂತಿರ್ತಾನೆ." ಈ ಸಲ ನೀನು ಜಾಗವನ್ನೇ ಬಿಟ್ಟಿಲ್ಲ. ಪೂರ್ತಿ ಚಿತ್ರ ತೆರೆದೆ. ನೀನು ಕತ್ತರಿಸಿದ ಅಂಚಿನಾಚೆಗೇ ಒಂದು ಕೆಂಪು ಚುಕ್ಕಿ. ನಾವು ಶಾಲೆಯಲ್ಲಿದ್ದ ಕಾಲದ ಇನ್ನೊಂದು ಚಿತ್ರ ಸಿಕ್ಕಿತು; ಅದರಲ್ಲಿ ಚುಕ್ಕಿ ಅರ್ಧ ದಾರಿ ಬಂದಿದೆ. ಅದೇ ನಡಿಗೆಯಲ್ಲಿ ಬಂದಿದ್ದರೆ ಈಗ ಸರಿಯಾಗಿ ನಿನ್ನ ಸ್ಫೋಟದ ಜಾಗದಲ್ಲಿ ನಿಂತಿರಬೇಕು.

ಅವಸರದಲ್ಲಿ ಕತ್ತರಿಸಿದೆಯೋ, ಕಂಡೇ ಕತ್ತರಿಸಿದೆಯೋ? ಮಗುವನ್ನು ಹೊತ್ತು ಅಡುಗೆಮನೆಯಲ್ಲಿ ಸುತ್ತುವಾಗ ಇದೊಂದೇ ಪ್ರಶ್ನೆ. ಫೋನಿನಲ್ಲಿ ಕೇಳಿದರೆ "ನಿದ್ದೆಗೆಟ್ಟ ಬಾಣಂತಿ ಕಣ್ಣಿಗೆ ಎಲ್ಲಾ ಕೆಂಪೇ" ಎಂದು ನಕ್ಕುಬಿಡುತ್ತೀ, ನಾನೂ ನಕ್ಕು ನಂಬಿಬಿಡುತ್ತೇನೆ. ಅದಕ್ಕೇ ಬರೆದು, ಎರಡೂ ಚಿತ್ರಗಳನ್ನು ಜೊತೆಗಿಟ್ಟು, ಬೆಟ್ಟದ ವ್ಯಾನಿನಲ್ಲಿ ಕಳುಹಿಸುತ್ತಿದ್ದೇನೆ. ಮಧ್ಯಾಹ್ನಕ್ಕೆ ನಿನ್ನ ಕೈಸೇರುತ್ತದೆ.

ಅತ್ತೆಯ ಆಶೀರ್ವಾದ, ಮಗಳ ಮುತ್ತು. ಬಿಸಿಯಾಗಿ ಏನಾದರೂ ಕುಡಿ.

ನಿನ್ನ,
ಮೆರೆಂಶಿಯಾ

ತಾ.ಕ.: ವ್ಯಾನು ಬಾಗಿಲಲ್ಲಿ ನಿಂತಿದೆ. ಈಗಷ್ಟೇ ನಿಮ್ಮ ಮುಖ್ಯಸ್ಥ ಡಾ. ಫುರೀ ಫೋನ್ ಮಾಡಿದ್ದರು. "ನೀನು ನೋಡಿ ಒಪ್ಪಿದೀಯ ಅಂತ ದಿಯೋನ್ ಹೇಳ್ದ ಕಣಮ್ಮ. ನಿನ್ ಬಾಯಲ್ಲೇ ಒಂದ್ಸಲ ಕೇಳ್ಬಿಟ್ರೆ ಸಮಾಧಾನ" ಎಂದರು. ನಾನು ಯಾವಾಗ ಒಪ್ಪಿದೆ? ಮಗು ಅಳುತ್ತಿದೆ ಎಂದು ಫೋನ್ ಇಟ್ಟುಬಿಟ್ಟೆ. ಮಗು ಮಲಗಿತ್ತು. ಸಂಜೆ ಮತ್ತೆ ಮಾಡುತ್ತಾರಂತೆ. ಅದಕ್ಕೆ ಮೊದಲು ನೀನೇ ಹೋಗಿ ಅವರಿಗೆ ಹೇಳು, ದಿಯೋನ್. ಇಲ್ಲವಾದರೆ ನಾನು ಹೇಳುತ್ತೇನೆ.