ಹಬ್ಬದ ಬೆಳಿಗ್ಗೆ ಮೊದಲು ಬಂದವರು

ರಾವ್ನಿ ದೋಲ್
ಫೆಬ್ರವರಿ 9, ಭಾನುವಾರ

ಪ್ರೀತಿಯ ರಾದೊಶ ಅಣ್ಣಾ,

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಬೇಕರಿಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಮಾತ್ರ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು. ಚಿಕ್ಕಂದಿನಲ್ಲೂ ನನ್ನ ತಪ್ಪು ತಿದ್ದುತ್ತಿದ್ದವನು ನೀನೇ ಅಲ್ಲವೇ. ಟ್ರೇಗಳನ್ನು ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು ತೊಳೆದು ಬೆರಳು ಒಡೆದಿವೆ, ಪೆನ್ನು ಹಿಡಿದರೆ ಚುರುಗುಟ್ಟುತ್ತದೆ. ಆದರೂ ಇದನ್ನು ಫೋನಿನಲ್ಲಿ ಹೇಳಲಾರೆ. ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ ನಾನು ಚಳಿ, ಮಳೆಯ ಮಾತಾಡಿ ಇಟ್ಟುಬಿಡುತ್ತೇನೆ.

ಹೇಗಿದ್ದೀಯಾ? ನದಿಯ ಮಂಜಿಗೆ ಶುರುವಾಗಿದ್ದ ಕೆಮ್ಮು ಹೋಯಿತೇ? ನಿಮ್ಮ ಅಡುಗೆಯವನು ಈಗಲೂ ಕಾಳಿನ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾನೆಯೇ? ಡ್ಯಾನ್ಯೂಬ್ ದಡದಲ್ಲಿ ಹೆಪ್ಪುಗಟ್ಟಿದೆ ಎಂದು ರೇಡಿಯೊದಲ್ಲಿ ಹೇಳಿದಾಗಿನಿಂದ ನಿನ್ನ ಸರಕಿನ ದೋಣಿ ಎಲ್ಲಿ ನಿಂತಿದೆಯೋ ಎಂದು ಯೋಚಿಸುತ್ತಿರುತ್ತೇನೆ. ಈ ಕಾಗದವನ್ನು ಸ್ಮೆದೆರೆವೊ ರೇವಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಎಂದಾದರೂ ನಿನ್ನ ಕೈ ಸೇರಬಹುದು. ನಾನು ಚೆನ್ನಾಗಿದ್ದೇನೆ. ಅಪ್ಪನಿಗೆ ಸೊಂಟ ನೋವು, ಆದರೆ ಕೇಳಿದರೆ ಒಪ್ಪುವುದಿಲ್ಲ. ಕೋಳಿಗಳು ಚಳಿಗೆ ಮೊಟ್ಟೆ ನಿಲ್ಲಿಸಿವೆ.

ಸುದ್ದಿ ಏನೆಂದರೆ, ನಾವು ಮನೆಗೆ ಒಂದು ನಾಯಿ ತಂದಿದ್ದೆವು. ತಂದದ್ದು ನಾನೇ. ಬೇಕರಿಯಲ್ಲಿ ಮಿಕ್ಕ ಬ್ರೆಡ್ಡನ್ನು ವಾರಕ್ಕೊಮ್ಮೆ ಪೇಟೆಯಾಚೆಯ ಅನಾಥ ನಾಯಿಗಳ ಆಶ್ರಯಕ್ಕೆ ಕೊಡುತ್ತಾರೆ, ಹೊತ್ತುಕೊಂಡು ಹೋಗುವ ಕೆಲಸ ನನ್ನದು. ಅಲ್ಲಿ ಎಲ್ಲ ನಾಯಿಗಳೂ ತಂತಿಬೇಲಿಗೆ ಹಾರಿ ಬೊಗಳುವಾಗ ಒಂದು ಕರಿಯ ಮುದಿ ನಾಯಿ ಮಾತ್ರ ಮೂಲೆಯಲ್ಲಿ ಮುಂಗಾಲು ಜೋಡಿಸಿ ಕೂತು ಎಲ್ಲರನ್ನೂ ನೋಡುತ್ತಿತ್ತು. ಅಲ್ಲಿನವರು ಅದಕ್ಕೆ ಡೈರೆಕ್ಟರ್ ಎಂದು ಹೆಸರಿಟ್ಟಿದ್ದರು. ಮುದಿಯನ್ನು ಯಾರೂ ಒಯ್ಯುವುದಿಲ್ಲವಂತೆ. ನಿನಗೆ ನೆನಪಿದೆಯಲ್ಲ, ಹಬ್ಬದ ದಿನಗಳಲ್ಲಿ ಟಿವಿಯಲ್ಲಿ ಬರುವ ಸಿನಿಮಾಗಳು? ಮಕ್ಕಳು ಹಟ ಮಾಡಿ ಆಶ್ರಯದಿಂದ ನಾಯಿ ತರುತ್ತಾರೆ, ಅಪ್ಪ ಬೈಯುತ್ತಾನೆ, ಕೊನೆಗೆ ಎಲ್ಲರೂ ಒಂದಾಗುತ್ತಾರೆ. ಅಮ್ಮ ಪ್ರತಿ ಸಲವೂ ಅಳುತ್ತಿದ್ದಳು. ನೀನು ಅವಳನ್ನು ಅಣಕಿಸುತ್ತಿದ್ದೆ: “ನಾಯಿ ಬದುಕೇ ಇದೆಯಲ್ಲಮ್ಮ, ಇನ್ಯಾಕೆ ಅಳ್ತೀಯ?” ಜನವರಿ ಏಳಕ್ಕೆ ಅಮ್ಮ ಇಲ್ಲದ ಮೊದಲ ಕ್ರಿಸ್‌ಮಸ್ ಹಬ್ಬ ಬರುತ್ತಿತ್ತು. ಮನೆಯಲ್ಲಿ ಅಪ್ಪ, ನಾನು, ಒಲೆ, ಅಷ್ಟೇ. ಹಾಗಾಗಿ ತಂದೆ.

ಅಪ್ಪ ಗೇಟಿನಲ್ಲೇ ತಡೆದ. “ಇರೋ ಇಬ್ಬರಿಗೇ ಮಾತಿಲ್ಲ, ಮಾತಾಡದ ಇನ್ನೊಂದನ್ನ ತಂದ್ಯಾ?” ಎಂದ. ಹೆಸರು ಹೇಳಿದಾಗ ಟೋಪಿ ತೆಗೆದು, “ಡೈರೆಕ್ಟರ್ ಸಾಹೇಬ್ರಿಗೆ ಕೊಟ್ಟಿಗೆ ಸಾಕೋ, ಬೇರೆ ಬಂಗಲೆ ಕಟ್ಟಿಸಬೇಕೋ ಕೇಳು” ಎಂದು ಹೊರಟುಹೋದ. ಆದರೆ ಸಂಜೆ ಕೊಟ್ಟಿಗೆಯಲ್ಲಿ ಒಣಹುಲ್ಲು ದಪ್ಪಗೆ ಹಾಸಿತ್ತು, ನಾನು ಹಾಸಿರಲಿಲ್ಲ.

ಅಣ್ಣಾ, ಈಗ ಬರೆಯುವುದನ್ನು ಓದದೆ ಮಡಚಿಡಬೇಡ. ಹೋದ ವರ್ಷದ ಹಬ್ಬದ ಮಾತು ತೆಗೆದರೆ ನಿನಗೆ ಸಂಕಟವಾಗುತ್ತದೆ ಎಂದು ಗೊತ್ತು. ಪ್ರತಿ ವರ್ಷ ಹಬ್ಬದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಮನೆಗೆ ವರ್ಷವಿಡೀ ಒಳ್ಳೆಯದಾಗಲೆಂದು ಒಲೆ ಕೆದಕುತ್ತಿದ್ದ ಪಕ್ಕದ ಮನೆಯ ಸ್ವೆತೊಜಾರ್ ತಾತ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದ. ಬೇರೆ ಯಾರನ್ನು ಕರೆಯುವುದು ಎಂದು ಅಪ್ಪ ಚಡಪಡಿಸುತ್ತಿದ್ದಾಗ ಅಮ್ಮನೇ ನಿನ್ನನ್ನು ಹಿತ್ತಿಲ ಬಾಗಿಲಿನಿಂದ ಹೊರಗೆ ಅಟ್ಟಿ ಮುಂಬಾಗಿಲಿನಿಂದ ಒಳಗೆ ಕರೆದಳು. ಮನೆಯವರು ಆಗಬಾರದಲ್ಲ ಎಂದು ನೀನು ಹಿಂಜರಿದಾಗ, “ವರ್ಷವೆಲ್ಲ ದೋಣೀಲಿ ಇರ್ತೀಯ, ನಿನಗಿಂತ ದೊಡ್ಡ ನೆಂಟ ಯಾರಪ್ಪ ಇದ್ದಾರೆ ನಂಗೆ?” ಎಂದು ನಕ್ಕಳು. ಮೊದಲು ಬಂದವನೆಂದು ನಿನ್ನ ಮೇಲೆ ಎಷ್ಟು ಗೋಧಿ ಎರಚಿದಳೆಂದರೆ ಅದು ನಿನ್ನ ಅಂಗಿಯೊಳಗೆಲ್ಲ ಹೋಗಿತ್ತು. ಜೂನ್‌ನಲ್ಲಿ ಹುಳಿಚೆರ್ರಿ ಬಿಡಿಸುತ್ತಾ ಏಣಿಯ ಬುಡದಲ್ಲಿ ಕುಸಿದಳು, ಮತ್ತೆ ಏಳಲಿಲ್ಲ.

ಅಮ್ಮ ಹೋದ ನಲವತ್ತನೆಯ ದಿನದ ಊಟದಲ್ಲಿ ಪೆರುನಿಕಾ ಅತ್ತೆ ಹೇಳಿದ ಮಾತು ನನಗೂ ಕೇಳಿಸಿತು. “ಹೋದ ಹಬ್ಬಕ್ಕೆ ಈ ಮನೆಗೆ ಮೊದಲು ಕಾಲಿಟ್ಟವರು ಯಾರು ಅಂತ ಯಾರಾದ್ರೂ ಯೋಚನೆ ಮಾಡಿದ್ರಾ?” ಕಾಲ್ಗುಣದ ಮಾತು ಅಷ್ಟು ಜನರ ನಡುವೆ. ನೀನು ಅಪ್ಪನ ಮುಖ ನೋಡಿದೆ. ಅಪ್ಪ ಬ್ರೆಡ್ ಮುರಿಯುತ್ತಾ ಕೂತಿದ್ದ, ತಲೆ ಎತ್ತಲಿಲ್ಲ. ಮರುದಿನ ನೀನು ಹೋದೆ. ಅತ್ತೆಯ ಮಾತಿಗಲ್ಲ, ಅಪ್ಪನ ಮೌನಕ್ಕೆ ಹೋದೆ. ಅದು ನನಗೆ ಆಗಲೇ ಗೊತ್ತಿತ್ತು, ಆದರೆ ದೊಡ್ಡವರ ನಡುವೆ ನಾನು ಏನು ಹೇಳಲಿ.

ಈ ಸಲ ಯಾರೂ ನಮ್ಮ ಮನೆಗೆ ಮೊದಲು ಬರಲು ಒಪ್ಪಲಿಲ್ಲ. ಸ್ವೆತೊಜಾರ್ ತಾತ ಮೊಣಕಾಲು ನೋವು ಎಂದು ಹೇಳಿಕಳಿಸಿದ, ಆದರೆ ಅದೇ ಮೊಣಕಾಲಿನಲ್ಲಿ ಚರ್ಚಿಗೆ ನಡೆದು ಹೋದದ್ದನ್ನು ನಾನೇ ನೋಡಿದೆ. ಅವನನ್ನು ಬೈಯಲಾರೆ, ಆಮೇಲೆ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಎಂದು ಹೆದರಿದ್ದಾನೆ. ಅಪ್ಪ ಯಾರನ್ನೂ ಬೇಡಲಿಲ್ಲ. ಹಿಂದಿನ ಸಂಜೆ ಪದ್ಧತಿಯಂತೆ ಓಕ್ ಕೊಂಬೆ ತಂದ, ನಾನು ನೆಲದ ಮೇಲೆ ಹುಲ್ಲು ಹಾಸಿದೆ. ಇಬ್ಬರೇ ಕೂತು ಕಾಳು, ಮೀನು ತಿಂದೆವು. ಪ್ರತಿ ಹಬ್ಬದಂತೆ ಕೋಣೆಯ ಮೂಲೆಗಳಿಗೆ ಆಕ್ರೋಟು ಎಸೆಯುವಾಗ, ಅಮ್ಮ ಕೂರುತ್ತಿದ್ದ ಕಡೆಗೆ ಎಸೆಯಲಾರದೆ ಅಪ್ಪ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ಬೆಳಿಗ್ಗೆ ಸುಮ್ಮನೆ ಕಾದೆವು. ಯಾರಿಗಾಗಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಸೌದೆ ಮುಗಿಯಿತೆಂದು ನಾನು ಬಾಗಿಲು ತೆರೆದೆ. ಮೆಟ್ಟಿಲ ಮೇಲೆ ಡೈರೆಕ್ಟರ್ ಕೂತಿತ್ತು, ಬೆನ್ನ ಮೇಲೆಲ್ಲ ಹಿಮ. ಒಂದು ದಿನವೂ ಮನೆಯೊಳಗೆ ಬಂದ ನಾಯಿಯಲ್ಲ ಅದು, ನಮ್ಮೂರಲ್ಲಿ ನಾಯಿಯನ್ನು ಒಳಗೆ ಬಿಡುವವರೂ ಇಲ್ಲ. ಅದು ನನ್ನ ಮುಖ ನೋಡಿ, ಎದ್ದು, ಹುಲ್ಲಿನ ಮೇಲೆ ಹೆಜ್ಜೆಯಿಡುತ್ತಾ ನೇರ ಒಲೆಯ ಹತ್ತಿರ ಹೋಗಿ ಮಲಗಿತು. ಆ ಬೆಳಿಗ್ಗೆ ನಮ್ಮ ಮನೆಗೆ ಮೊದಲು ಕಾಲಿಟ್ಟದ್ದು ಅದೇ. ಅಪ್ಪ ಎದ್ದು ಹೇಳಿದ: “ನಮ್ಮಜ್ಜನ ಕಾಲದಲ್ಲಿ ಹಬ್ಬದ ಬೆಳಿಗ್ಗೆ ಮೊದಲು ಎತ್ತನ್ನ ಒಳಗೆ ಕರೆತರ್ತಿದ್ರು. ಪ್ರಾಣಿ ಮನಸ್ಸಲ್ಲಿ ಕೆಟ್ಟದ್ದು ಇರಲ್ಲ ಅಂತ.” ಓಕ್ ಕೊಂಬೆ ತೆಗೆದುಕೊಂಡು ನಾಯಿಯ ಪರವಾಗಿ ತಾನೇ ಒಲೆ ಕೆದಕಿದ, ಕಿಡಿಗಳಷ್ಟು ಆರೋಗ್ಯ, ಕಿಡಿಗಳಷ್ಟು ಸಂತೋಷ ಎಂದ. ನಾನು ಗೋಧಿ ಎರಚಿದೆ, ಅದು ನೆಕ್ಕಿ ನೋಡಿ ಬಿಟ್ಟಿತು. ಮೊದಲು ಬಂದವರಿಗೆ ಕಂಬಳಿ ಹೊದಿಸಬೇಕಲ್ಲ, ವರ್ಷವಿಡೀ ಹಾಲಿಗೆ ಹಾಗೇ ದಪ್ಪ ಕೆನೆ ಕಟ್ಟಲಿ ಎಂದು. ಅಪ್ಪ ಪೆಟ್ಟಿಗೆ ತೆರೆದು ಅಮ್ಮ ನೇಯ್ದ ಕೆಂಪು ಕಂಬಳಿ ತಂದು ಅದರ ಮೇಲೆ ಹಾಕಿದ. “ಹಸುನೇ ಇಲ್ಲ ಮನೇಲಿ, ಕೆನೆ ಎಲ್ಲಿಂದ ಬರುತ್ತೆ ಸಾಹೇಬ್ರೇ” ಎಂದು ನಕ್ಕ. ಜೂನ್ ಆದ ಮೇಲೆ ಅದೇ ಮೊದಲ ನಗು. ನಗುತ್ತಾ ಕಣ್ಣು ಒರೆಸಿಕೊಂಡ. ಸಿನಿಮಾ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಆದರೆ ನೀನು ಇರಲಿಲ್ಲ.

ಮಧ್ಯಾಹ್ನ ಅತ್ತೆ ಬಂದು ಕಂಬಳಿ ಹೊದ್ದ ನಾಯಿಯನ್ನು ಕಂಡು ಬಾಗಿಲಲ್ಲೇ ನಿಂತಳು. “ಮನುಷ್ಯರು ಸಿಗಲಿಲ್ವೇನೋ ನಿನಗೆ?” ಅಪ್ಪ, “ಮನುಷ್ಯರು ಬಂದ್ರೆ ಆಮೇಲೆ ನೀನು ಲೆಕ್ಕ ಕೇಳ್ತೀಯ ಅಕ್ಕ. ಇದನ್ನ ಏನಂತ ಕೇಳ್ತೀಯ, ಕೇಳು” ಎಂದ. ಅತ್ತೆ ಊಟ ಮಾಡದೆ ಹೋದಳು, ಹಂದಿ ಹುರಿದದ್ದನ್ನು ಮಾತ್ರ ಕಟ್ಟಿಸಿಕೊಂಡಳು.

ಆಮೇಲಿನ ದಿನಗಳು ಒಳ್ಳೆಯವು, ಅಣ್ಣಾ. ಅಪ್ಪ ದ್ರಾಕ್ಷಿ ತೋಟಕ್ಕೆ ಹೋದರೆ ಅದೂ ಹಿಂದೆ ಕುಂಟುತ್ತಾ ಹೋಗುತ್ತಿತ್ತು. ನನ್ನೊಡನೆ ಆಡದ ಮಾತನ್ನೆಲ್ಲ ಅಪ್ಪ ಅದರೊಡನೆ ಆಡುತ್ತಿದ್ದ. ಅಡುಗೆಮನೆಯಿಂದ ನನಗೆ ಕೇಳಿಸುತ್ತಿತ್ತು, ಅಮ್ಮನ ಸಿಟ್ಟು, ಅಮ್ಮನ ಉಪ್ಪಿನಕಾಯಿ, ಅಮ್ಮ ಮದುವೆಯಲ್ಲಿ ಬೂಟು ಕಳೆದುಕೊಂಡದ್ದು. ಒಂದೆರಡು ಸಲ ನಿನ್ನ ಹೆಸರೂ ಬಂತು. ನಾನು ಪಾತ್ರೆ ಸದ್ದು ಮಾಡದೆ ನಿಂತಿರುತ್ತಿದ್ದೆ.

ಜನವರಿ ಕೊನೆಗೆ ಅದು ಊಟ ಬಿಟ್ಟಿತು. ಪೇಟೆಯ ಪ್ರಾಣಿವೈದ್ಯ ಮುಟ್ಟಿ ನೋಡಿ, ಮೂತ್ರಪಿಂಡ ಹೋಗಿದೆ, ಇದು ನಿಮ್ಮಲ್ಲಿಗೆ ಬರುವಾಗಲೇ ಕಾಯಿಲೆಯಿತ್ತು ಎಂದ. ಮೊನ್ನೆ ಗುರುವಾರ ಮಧ್ಯಾಹ್ನ ಒಲೆಯ ಹತ್ತಿರವೇ ಹೋಯಿತು. ಅಪ್ಪನ ಕೈ ಅದರ ತಲೆಯ ಮೇಲಿತ್ತು. ನೆಲ ಕಲ್ಲಾಗಿತ್ತು, ಗುದ್ದಲಿ ಇಳಿಯಲಿಲ್ಲ. ಅಪ್ಪ ಪ್ಲಮ್ ಮರದ ಕೆಳಗೆ ಬೆಂಕಿ ಹಾಕಿ, ಮಣ್ಣು ಮೆತ್ತಗಾಗುವವರೆಗೆ ಕಾದು, ಆಮೇಲೆ ಅಗೆದ. ಆ ಕೆಂಪು ಕಂಬಳಿಯಲ್ಲೇ ಸುತ್ತಿದ. ನಾನು ಬೇಡವೆನ್ನಲಿಲ್ಲ. ಅಮ್ಮನೂ ಬೇಡವೆನ್ನುತ್ತಿರಲಿಲ್ಲ ಎಂದುಕೊಂಡೆ. ನನಗೆ ಅಳುವಿಗಿಂತ ಹೆಚ್ಚು ಹೆದರಿಕೆಯೇ ಆಗಿತ್ತು. ಮೊದಲು ಬಂದವರೇ ಒಂದು ತಿಂಗಳಲ್ಲಿ ಸತ್ತರೆ ಆ ಮನೆಯ ವರ್ಷ ಹೇಗಿರುತ್ತದೆಂದು ಊರವರು ಏನು ಹೇಳುತ್ತಾರೋ, ಅಪ್ಪ ಏನೆಂದುಕೊಳ್ಳುತ್ತಾನೋ ಎಂದು. ಇನ್ನು ಬರೆಯಲು ಬೆರಳು ಕೇಳುತ್ತಿಲ್ಲ.

ಬೆಚ್ಚಗಿರು. ದೋಣಿಯ ಅಂಚಿನಲ್ಲಿ ಮಂಜುಗಡ್ಡೆ ಇರುವಾಗ ಹುಷಾರು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ, ಆ ಅಡುಗೆಯವನಿಗೂ. ಅಮ್ಮನ ಸಮಾಧಿಯ ಮೇಲೆ ನಿನ್ನ ಹೆಸರಿನಲ್ಲೂ ಒಂದು ಮೇಣದ ಬತ್ತಿ ಹಚ್ಚುತ್ತಿರುತ್ತೇನೆ.

ನಿನ್ನ ತಂಗಿ
ನೆವೆನಾ

ಮರೆತದ್ದು: ಮರೆತದ್ದಲ್ಲ, ಹೇಗೆ ಬರೆಯುವುದೆಂದು ಗೊತ್ತಾಗದೆ ಬಿಟ್ಟಿದ್ದೆ. ಶುಕ್ರವಾರ ಅತ್ತೆ ಬಂದಳು. “ನಾನು ಹೇಳಿರಲಿಲ್ವಾ? ಮೊದಲು ಬಂದದ್ದೇ ಸತ್ತಿತು. ಹೋದ ವರ್ಷ ಹಾಗೆ, ಈ ವರ್ಷ ಹೀಗೆ” ಎಂದಳು. ಅಪ್ಪ ಬೂಟು ಕಳಚುತ್ತಿದ್ದವನು ಒಂದು ಬೂಟಿನಲ್ಲೇ ಎದ್ದು ನಿಂತ. “ಮುದಿ ನಾಯಿ, ಕಾಯಿಲೆ ಇತ್ತು, ಸತ್ತಿತು. ಅದರ ಕಾಲಲ್ಲಿ ಏನೂ ಇರಲಿಲ್ಲ ಅಕ್ಕ. ನನ್ನ ಸ್ತಾನಿಕಾ ಎದೆ ನೋವು ಅಂತ ವಸಂತದಿಂದ ಹೇಳ್ತಿದ್ದಳು. ಚೆರ್ರಿ ಮುಗೀಲಿ, ಆಮೇಲೆ ಡಾಕ್ಟರ್ ಹತ್ರ ಹೋಗೋಣ ಅಂದವನು ನಾನು. ರಾದೊಶನ ಕಾಲಲ್ಲೂ ಏನೂ ಇರಲಿಲ್ಲ. ಅವತ್ತು ಅಷ್ಟು ಜನರ ಮುಂದೆ ಇದನ್ನ ಹೇಳಬೇಕಿತ್ತು, ನನಗೆ ಬಾಯಿ ಬರಲಿಲ್ಲ” ಎಂದ. ಅತ್ತೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಅಪ್ಪ ಇದನ್ನು ನಿನಗೆ ಬರೆ ಎನ್ನಲಿಲ್ಲ. ಬರೆಯಬೇಡ ಎಂದೂ ಹೇಳಲಿಲ್ಲ. ನಾನು ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಕೂತದ್ದನ್ನು ನೋಡಿ, ನನಗೆ ಬೆಳಕು ಬೀಳಲೆಂದು ದೀಪ ಈ ಕಡೆ ಸರಿಸಿದ. ಈಸ್ಟರ್‌ಗೆ ಬಾ ಅಣ್ಣಾ, ಮೊದಲು ಬಂದರೂ ಸರಿ, ಕೊನೆಗೆ ಬಂದರೂ ಸರಿ.

ಸೋಮವಾರ: ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಈ ಬೆಳಿಗ್ಗೆ ಅಪ್ಪ ಒಲೆಯ ಬೂದಿ ತುಂಬಿಕೊಂಡು ಹೋಗಿ, ಮುಂಬಾಗಿಲ ಮೆಟ್ಟಿಲಿನಿಂದ ಬಸ್ಸು ನಿಲ್ಲುವ ರಸ್ತೆಯವರೆಗೂ ಜಾರದ ಹಾಗೆ ಚೆಲ್ಲಿ ಬಂದ.