ನೆನೆಸಿಟ್ಟ ಬೀಟ್ ಹಿಂಡಿ

೧೪ನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಭಾವನ ಮಂಡಿನೋವು ಈಗ ಹೇಗಿದೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಚೆನ್ನಾಗಿ ಬೈದುಕೊಂಡಿರುತ್ತೀಯ. ಬೈದುಕೋ. ಸೋಮಾರಿತನ ಅಲ್ಲ ಅಕ್ಕ. ಬರೆಯೋಕೆ ಕೂತಾಗೆಲ್ಲ ಕೈ ಹಾಗೇ ನಿಂತುಬಿಡುತ್ತಿತ್ತು.

ಇಲ್ಲಿ ಎಲ್ಲರೂ ಸುಖ. ಲಾಯದ ಚಾವಣಿಗೆ ಹೊಸ ತಗಡು ಹಾಕಿಸಿದ್ದೇವೆ. ಮಗಳ ಕಪ್ಪು ಕುದುರೆ ನೇರಳೆ ಮೈಕೈ ತುಂಬಿಕೊಂಡು ಮಿರಮಿರ ಮಿಂಚುತ್ತಿದ್ದಾಳೆ. ಎಲ್ಲ ನೀನು ಹೇಳಿಕೊಟ್ಟ ಬೀಟ್ ಹಿಂಡಿಯ ಮಹಿಮೆ. ಗಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಒಣ ಚೂರುಗಳನ್ನು ನೋಡಿ ಲಾಳ ಕಟ್ಟುವವನು, "ಏನ್ರೀ, ಬಡಗಿ ಅಂಗಡಿಯ ಹೊಟ್ಟು ತಿನ್ನಿಸ್ತಿದ್ದೀರಾ?" ಅಂತ ನಗುತ್ತಾನೆ. ನೆನೆದ ಮೇಲೆ ಅದು ಟಬ್ಬಿನ ಅಂಚು ಮೀರಿ ಉಬ್ಬುವುದನ್ನು ಅವನು ನೋಡಿಲ್ಲ. "ಒಣಗಿದ್ದು ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಕಣೇ. ನೆನೆಸಿ ಕೊಟ್ಟರೆ ಕುದುರೆ ಹೊಟ್ಟೆಯೊಳಗೇ ನೀರಿನ ಚೀಲ ಹೊತ್ತುಕೊಂಡು ಓಡುತ್ತೆ" ಅಂತಿದ್ದೆಯಲ್ಲ, ಅದನ್ನು ನನ್ನ ಮಗಳು ಸಿಕ್ಕಸಿಕ್ಕವರಿಗೆಲ್ಲ "ನಮ್ಮ ದೊಡ್ಡಮ್ಮ ಹೇಳಿದ್ದು" ಅಂತ ಒಪ್ಪಿಸುತ್ತಾಳೆ.

ಸರಿ, ಸುತ್ತಿ ಬಳಸಿ ಹೇಳಿದ್ದು ಸಾಕು. ಹೋದ ತಿಂಗಳ ದೂರದ ಕುದುರೆ ಓಟದಲ್ಲಿ ಒಂದು ಸಂಗತಿ ನಡೆಯಿತು.

ಓಟ ನಿನಗೆ ಗೊತ್ತಿದ್ದದ್ದೇ. ಬೆಳಗಿನಿಂದ ಸಂಜೆಯವರೆಗೆ ಗುಡ್ಡದ ದಾರಿ, ನಡುನಡುವೆ ಕುದುರೆಗಳನ್ನು ನಿಲ್ಲಿಸಿ ಡಾಕ್ಟರು ಎದೆಬಡಿತ, ಹೊಟ್ಟೆಯ ಸದ್ದು ಎಲ್ಲ ನೋಡುವುದು. ನಾನು ಎರಡನೇ ತಪಾಸಣೆ ಜಾಗದಲ್ಲಿ ಹಿಂಡಿ ನೆನೆಸಿ, ಉಪ್ಪು ಕಲಸಿ, ಮಗಳ ದಾರಿ ಕಾಯುತ್ತಿದ್ದೆ. ಮಂಜು ಹೇಗೆ ಬಿದ್ದಿತ್ತು ಅಂದರೆ, ಪಕ್ಕದ ಡೇರೆಯೇ ಕಾಣುತ್ತಿರಲಿಲ್ಲ.

ಗೊರಸಿನ ಸದ್ದು ಕೇಳಿಸಲೇ ಇಲ್ಲ ಅಕ್ಕ. ತಲೆ ಎತ್ತಿದರೆ ಎದುರಿಗೆ ಕಪ್ಪು ಕುದುರೆ ನಿಂತಿದೆ. ಮೇಲೆ ಕೂತವಳ ಹೆಲ್ಮೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿದೆ, ಮುಖ ಮಂಜಿನಲ್ಲಿ ಮುಚ್ಚಿಹೋಗಿದೆ. "ಇಷ್ಟು ಬೇಗ ಬಂದೆಯಲ್ಲೇ!" ಅಂತ ಟಬ್ಬು ಮುಂದಿಟ್ಟೆ. ಕುದುರೆ ಮೂತಿ ಹಾಕಿ ತಿನ್ನತೊಡಗಿತು. ಅಗಿಯುವ ಸದ್ದಿಲ್ಲ. ಆ ಚಳಿಯಲ್ಲೂ ಉಸಿರಿನ ಹಬೆ ಇಲ್ಲ. ಕುತ್ತಿಗೆ ಸವರಿದೆ. ಗುಡ್ಡ ಹತ್ತಿ ಬಂದ ಕುದುರೆಯ ಮೈ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು.

ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೊಟ್ಟೆಗೆ ಇಟ್ಟರು, ಆ ಮಗ್ಗುಲಿಗೆ ಹೋಗಿ ಅಲ್ಲೂ ಇಟ್ಟರು. "ಇದು ಕೆಟ್ಟುಹೋಯ್ತೋ ಏನೋ, ಏನೂ ಕೇಳಿಸ್ತಾ ಇಲ್ಲ. ಬೇರೆ ತರ್ತೀನಿ ಇರಿ" ಅಂತ ಡೇರೆ ಕಡೆ ಹೋದರು. ನಾನು ನೀರಿನ ಬಕೆಟ್ ಎತ್ತಿಕೊಳ್ಳಲು ತಿರುಗಿದೆ, ಅಷ್ಟೇ. ಮತ್ತೆ ನೋಡಿದರೆ ಕುದುರೆಯೂ ಇಲ್ಲ, ಅವಳೂ ಇಲ್ಲ. ಟಬ್ಬು ಮಾತ್ರ ನೆಕ್ಕಿ ತೊಳೆದಿಟ್ಟ ಹಾಗಿತ್ತು.

ಸ್ವಲ್ಪ ಹೊತ್ತಿಗೆ ಟಕಟಕ ಸದ್ದು ಮಾಡುತ್ತ, ಬುಸುಗುಡುತ್ತ, ಬೆವರು ಸುರಿಸುತ್ತ ನೇರಳೆ ಬಂದಳು. ಮಗಳು ಇಳಿದವಳೇ, "ಅಮ್ಮಾ, ಹಿಂಡಿ ಎಲ್ಲಿ? ನೆನೆಸೋಕೆ ಮರೆತೆಯಾ?" ಅಂದಳು.

"ಈಗ ತಾನೇ ತಿನ್ನಿಸಿದೆನಲ್ಲೇ."

"ಯಾರಿಗೆ?"

ನೇರಳೆ ಖಾಲಿ ಟಬ್ಬಿನ ಹತ್ತಿರ ಮೂಗು ತಂದವಳು, ಕಿವಿ ಹಿಂದಕ್ಕೆ ಮಡಚಿ, ಮೈಯೆಲ್ಲ ನಡುಗಿಸಿಕೊಂಡು ಹಿಂದಕ್ಕೆ ಸರಿದಳು. ಡಾಕ್ಟರು ಹೊಸ ಸ್ಟೆತಸ್ಕೋಪ್ ಇಟ್ಟು ನೋಡಿದರು, ಹೊಟ್ಟೆ ಗುಳುಗುಳು ಅನ್ನುತ್ತಿತ್ತು. ಹಳೆಯದನ್ನೂ ಇಟ್ಟು ನೋಡಿದರು. ಅದರಲ್ಲೂ ಅಷ್ಟೇ ಚೆನ್ನಾಗಿ ಕೇಳಿಸಿತು. ಮೆಲ್ಲಗೆ ನನ್ನ ಹತ್ತಿರ ಬಂದು, "ಅಮ್ಮಾ, ಆಗ ನಾನು ನೋಡಿದ್ದು ಈ ಕುದುರೆನೇನಾ?" ಅಂತ ಕೇಳಿದರು. ನಾನು ಬಗ್ಗಿ ಖಾಲಿ ಟಬ್ಬು ಎತ್ತಿ ಪಕ್ಕಕ್ಕಿಟ್ಟೆ.

ಮುಂದಿನ ದಾರಿ ಆ ಇಳಿಜಾರು, ನಿನಗೆ ಗೊತ್ತಿರುವುದೇ. ನಾನು ಲಗಾಮು ಹಿಡಿದು ನಿಂತೆ.

"ಹೋಗಬೇಡ."

"ಏನಾಗಿದೆ ನಿನಗೆ? ಕುದುರೆ ಚೆನ್ನಾಗಿದೆ ಅಂತ ಡಾಕ್ಟರೇ ಅಂತಿದ್ದಾರೆ. ವರ್ಷವೆಲ್ಲ ಒದ್ದಾಡಿದ್ದು ಇದಕ್ಕೇ ಅಲ್ವಾ?"

"ಬೇಕಾದರೆ ಜನ್ಮಪೂರ್ತಿ ಕೋಪ ಮಾಡ್ಕೋ. ನಾನು ಬಿಡಲ್ಲ."

ಅತ್ತಳು, ರೇಗಿದಳು. ಕೊನೆಗೆ ಜೀನು ಬಿಚ್ಚಿದಳು. ಮುಂದೆ ಹೋದವರೆಲ್ಲ ಸಂಜೆ ನಗುನಗುತ್ತ ವಾಪಸ್ ಬಂದರು, ಯಾರಿಗೂ ಒಂದು ಗೀರೂ ಆಗಿರಲಿಲ್ಲ. "ನೋಡಿದೆಯಾ?" ಅಂದಳು. ಆಮೇಲೆ ಎಷ್ಟೋ ದಿನ ಗೋಡೆ ನೋಡಿಕೊಂಡೇ ಊಟ ಮಾಡಿದಳು. ಈಗೀಗ ಮಾತಾಡುತ್ತಾಳೆ. ಮೊನ್ನೆ ಲಾಯ ಗುಡಿಸುತ್ತ ಇದ್ದಕ್ಕಿದ್ದ ಹಾಗೆ, "ಅಮ್ಮ, ಅವತ್ತು ಬಂದಿದ್ದು ಯಾರು?" ಅಂತ ಕೇಳಿದಳು. "ನನಗೇನು ಗೊತ್ತು ಮಗಳೇ" ಅಂದೆ.

ನಿನ್ನ ಆಶೀರ್ವಾದ ಅವಳ ತಲೆಯ ಮೇಲಿರಲಿ. ಚಳಿ ಜಾಸ್ತಿಯಾಗಿದೆ, ಭಾವನ ಮಂಡಿಗೆ ಬಿಸಿನೀರಿನ ಶಾಖ ಕೊಡು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ಹಟ ಮಾಡಬೇಡ. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಎಂದೆಂದಿಗೂ ನಿನ್ನ
ತಂಗಿ

ಮತ್ತೆ: ಕಾಗದ ಮಡಚಿ ಲಕೋಟೆಗೆ ಹಾಕಿದವಳು ತಿರುಗಿ ಬಿಚ್ಚಿದ್ದೇನೆ. ಮಗಳಿಗೆ ನಾನು ಹೇಳಿದ್ದು ಸುಳ್ಳು. ಕುದುರೆ ತಿನ್ನುತ್ತಿರುವಾಗ ಮೇಲೆ ಕೂತವಳು ಬಗ್ಗಿ ನನ್ನನ್ನು ಮಾತಾಡಿಸಿದಳು ಅಕ್ಕ. ಅಮ್ಮ ಅನ್ನಲಿಲ್ಲ. "ಚಿಕ್ಕಮ್ಮಾ" ಅಂದಳು. ನನ್ನನ್ನು ಹಾಗೆ ಕರೆಯುತ್ತಿದ್ದವಳು ಈ ಪ್ರಪಂಚದಲ್ಲಿ ನಿನ್ನ ಮಗಳೊಬ್ಬಳೇ ಅಲ್ವಾ? ಅವಳನ್ನೂ ಅವಳ ಕುದುರೆಯನ್ನೂ ಆ ಇಳಿಜಾರಿನ ಬುಡದಿಂದ ಎತ್ತಿ ತಂದ ಮೇಲೆ ನೀನು ಆ ಕಡೆ ಕಾಲಿಟ್ಟಿಲ್ಲ. ಇಡು ಅಂತ ಹೇಳೋಕೆ ನಾನು ಯಾರು? ಆದರೆ ಅವಳು ಕೇಳಿದ್ದನ್ನು ನನ್ನೊಬ್ಬಳ ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗ್ತಾ ಇಲ್ಲ. "ಚಿಕ್ಕಮ್ಮಾ, ಪ್ರತಿ ಸಲ ಬಂದು ನೋಡ್ತೀನಿ. ಅಮ್ಮ ಯಾಕೆ ಬರಲ್ಲ?"

ಮುಂದಿನ ವರ್ಷ ಕೇಳಿದರೆ ಏನು ಹೇಳಲಿ, ಅಕ್ಕ?